ಹಿಮದ ಟ್ರೆಕ್‌ಗೆ ಹೊರಟಿದ್ದೀರಾ? ಇಳಿಜಾರು ಅಳೆಯುವುದನ್ನು ಸಾವನದುರ್ಗದಲ್ಲೇ ಕಲಿಯಿರಿ

ಡಿಸೆಂಬರ್ ಹತ್ತಿರವಾದರೆ ಸಾಕು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹುಡುಗ ಹುಡುಗಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೇದಾರಕಂಠ, ಬ್ರಹ್ಮತಾಲ್, ಕುವಾರಿ ಪಾಸ್ ಹೆಸರುಗಳು ಓಡಾಡತೊಡಗುತ್ತವೆ. ಬೇಸಿಗೆ ರಜೆಗೆ ಸಾರ್ ಪಾಸ್. ಭಾನುವಾರ ಬೆಳಗ್ಗೆ ಸಾವನದುರ್ಗ, ಕಬ್ಬಾಳದುರ್ಗ ಹತ್ತಿ ಕಾಲು ಗಟ್ಟಿ ಮಾಡಿಕೊಂಡವರಿಗೆ ಮುಂದಿನ ಆಸೆ ಹಿಮದ ಮೇಲೆ ನಡೆಯುವುದು. ಒಳ್ಳೆಯ ಆಸೆಯೇ. ಟ್ರೆಕ್ ಏಜೆನ್ಸಿ ಕಳಿಸುವ ಪಟ್ಟಿಯಲ್ಲಿ ಜಾಕೆಟ್ ಎಂಥದ್ದು, ಸಾಕ್ಸ್ ಎಷ್ಟು ಜೊತೆ, ಬೂಟಿನ ಅಡಿ ಹೇಗಿರಬೇಕು ಎಂಬುದೆಲ್ಲ ಇರುತ್ತದೆ. ದಾಟಬೇಕಾದ ಇಳಿಜಾರು ಎಷ್ಟು ಕಡಿದು, ಅದರ ಮೇಲೆ ಹಿಮ ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಮನೆಯಲ್ಲಿ ಅಪ್ಪ ಅಮ್ಮ "ಅಲ್ಲಿ ಹಿಮ ಕುಸಿಯುತ್ತದಂತಲ್ಲ, ಹೋಗಲೇಬೇಕಾ?" ಎಂದು ಕೇಳಿದರೆ "ಏನೂ ಆಗಲ್ಲ ಬಿಡಿ" ಎನ್ನುವುದಷ್ಟೇ ನಮ್ಮ ಉತ್ತರ.

ಆ ಉತ್ತರ ಸಾಲದು. ಕರ್ನಾಟಕದ ಮನೆಗಳಿಗೆ ಹಿಮದ ಸಾವು ದೂರದ ಸುದ್ದಿಯಾಗಿ ಉಳಿದಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ನಂತರ ಜೀವಂತವಾಗಿ ಸಿಕ್ಕ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಫೆಬ್ರುವರಿ 11ರಂದು ಅವರೂ ತೀರಿಕೊಂಡರು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ಹಿಮಕುಸಿತಕ್ಕೆ ಸಿಕ್ಕಿತು. 27 ಶವಗಳು ಸಿಕ್ಕವು, ಇಬ್ಬರು ಸಿಗಲೇ ಇಲ್ಲ. ಸತ್ತವರಲ್ಲಿ ಬೆಂಗಳೂರಿನವರೂ ಇದ್ದರು. ಅವರು ತರಬೇತಿ ಪಡೆಯುತ್ತಿದ್ದವರು, ಜೊತೆಗಿದ್ದವರು ನುರಿತ ಶಿಕ್ಷಕರು.

ಯೋಧರು, ಪರ್ವತಾರೋಹಿಗಳು ಹೋಗುವ ಎತ್ತರಕ್ಕೆ ನಾವು ಹೋಗುವುದಿಲ್ಲ ನಿಜ. ಆದರೆ 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥುಲಾ ರಸ್ತೆಯಲ್ಲಿ ಹಿಮಕುಸಿತಕ್ಕೆ ಬಲಿಯಾದ ಏಳು ಮಂದಿ ಕಾರಿನಲ್ಲಿ ಬಂದಿದ್ದ ಪ್ರವಾಸಿಗರು. ಹಗ್ಗ, ಕೊಡಲಿ ಹಿಡಿದು ಶಿಖರ ಹತ್ತಲು ಹೋದವರಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ನಮ್ಮ ಬಂಡೆಗಳ ಮೇಲೆ ಬೆಳೆದ ಕಾಲಿಗೆ ಒಂದು ನಂಬಿಕೆ ಅಂಟಿಕೊಂಡಿರುತ್ತದೆ: ಕಾಲು ಜಾರದೆ ನಿಂತರೆ ಜಾಗ ಭದ್ರ. ಗ್ರಾನೈಟ್ ಮೇಲೆ ಇದು ಸರಿ. ಹಿಮದ ಮೇಲೆ ಇದೇ ನಂಬಿಕೆ ಜೀವ ತೆಗೆಯಬಹುದು, ಏಕೆಂದರೆ ಅಲ್ಲಿ ಜಾರುವುದು ನಿಮ್ಮ ಕಾಲಲ್ಲ, ಕಾಲಡಿಯ ನೆಲವೇ.

ಹಿಮ ಏಕೆ ಕುಸಿಯುತ್ತದೆ?

ಚಳಿಗಾಲದಲ್ಲಿ ಪಶ್ಚಿಮ ಹಿಮಾಲಯಕ್ಕೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಪ್ರಕ್ಷುಬ್ಧತೆ. ಅದು ಒಂದೇ ಸಮನೆ ಸುರಿಯುವುದಿಲ್ಲ. ಎರಡು ಮೂರು ದಿನ ಸುರಿದು, ವಾರಗಟ್ಟಲೆ ಬಿಸಿಲು ಬಿದ್ದು, ಮತ್ತೆ ಸುರಿಯುತ್ತದೆ. ಹಾಗಾಗಿ ಬೆಟ್ಟದ ಮೇಲಿನ ಹಿಮ ಒಂದೇ ರಾಶಿಯಲ್ಲ, ಪದರದ ಮೇಲೆ ಪದರ. ಒಂದೊಂದು ಸಲ ಬಿದ್ದದ್ದು ಒಂದೊಂದು ಗುಣದ್ದು.

ನಡುವಿನ ಬಿಸಿಲು ದಿನಗಳಲ್ಲಿ, ಮೋಡವಿಲ್ಲದ ಕೊರೆಯುವ ರಾತ್ರಿಗಳಲ್ಲಿ, ಹಿಮದ ಒಳಗೇ ಒಂದು ಬದಲಾವಣೆ ನಡೆಯುತ್ತದೆ. ನೆಲಕ್ಕೆ ತಾಗಿದ ಹಿಮ ಸುಮಾರು ಸೊನ್ನೆ ಡಿಗ್ರಿಯಲ್ಲಿರುತ್ತದೆ, ಮೇಲ್ಮೈ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಈ ಅಂತರದಿಂದ ಆವಿ ಕೆಳಗಿನಿಂದ ಮೇಲಕ್ಕೆ ಚಲಿಸಿ, ಒಂದಕ್ಕೊಂದು ಅಂಟಿಕೊಂಡಿದ್ದ ಹಿಮದ ಕಣಗಳನ್ನು ಬಿಡಿಬಿಡಿಯಾದ ಒರಟು ಹರಳುಗಳನ್ನಾಗಿ ಮಾಡುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗದು, ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಚಳಿಗಾಲದ ಆರಂಭದಲ್ಲಿ ಹಿಮ ತೆಳುವಾಗಿದ್ದಾಗ ಇದು ಇನ್ನೂ ಬೇಗ ಆಗುತ್ತದೆ. ಸ್ವಲ್ಪವೇ ಹಿಮ ಇದೆ, ಅಪಾಯವಿಲ್ಲ ಎಂದು ನಾವು ಅಂದುಕೊಳ್ಳುವುದು ಸರಿಯಾಗಿ ಆ ಹೊತ್ತಿನಲ್ಲೇ. ಆಮೇಲೆ ಬೀಳುವ ಹೊಸ ಹಿಮವೂ ಗಾಳಿ ಹೊತ್ತು ತಂದ ಹಿಮವೂ ಆ ಬಿಡಿ ಹರಳುಗಳ ಮೇಲೆ ಗಟ್ಟಿ ಹಲಗೆಯಂತೆ ಕೂರುತ್ತವೆ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಮರದ ಮಣೆಯ ಮೇಲೆ ಒಂದು ಪದರ ರಾಗಿ ಕಾಳು ಹರಡಿ. ಅದರ ಮೇಲೆ ದಪ್ಪ ರಟ್ಟನ್ನು ಇಟ್ಟು, ರಟ್ಟಿನ ಮೇಲೆ ಒಂದಿಷ್ಟು ರಾಗಿ ಹಿಟ್ಟು ಹರಡಿ. ಈಗ ಮಣೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಮೊದಲು ಏನೂ ಆಗುವುದಿಲ್ಲ. ಒಂದು ಹಂತಕ್ಕೆ ಬಂದಾಗ ಎತ್ತುವುದನ್ನು ನಿಲ್ಲಿಸಿ, ರಟ್ಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಹಿಟ್ಟು, ರಟ್ಟು ಎರಡೂ ಒಟ್ಟಿಗೇ ಜಾರಿ ಬರುತ್ತವೆ. ಹಿಟ್ಟಿನಲ್ಲಿ ದೋಷವಿರಲಿಲ್ಲ, ರಟ್ಟೂ ಗಟ್ಟಿಯಾಗಿಯೇ ಇತ್ತು. ಕೈಕೊಟ್ಟದ್ದು ಕಣ್ಣಿಗೆ ಕಾಣದ ಕಾಳಿನ ಪದರ, ನೆಪವಾದದ್ದು ಬೆರಳು. ಹಿಮದಲ್ಲಿ ಆ ಬೆರಳು ನೀವು. ಜನ ಸಿಕ್ಕಿಬೀಳುವ ಹಿಮಕುಸಿತ ಅಪಘಾತಗಳಲ್ಲಿ ಹತ್ತರಲ್ಲಿ ಒಂಬತ್ತನ್ನು ಸಿಕ್ಕಿಬಿದ್ದವರೋ ಅವರ ಜೊತೆಗಾರರೋ ಕಾಲಿಟ್ಟು ಎಬ್ಬಿಸಿರುತ್ತಾರೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಮಾತು. ಎಂದರೆ ಹೆಚ್ಚಿನವನ್ನು ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

ಕೋನವೇ ಮೊದಲ ಪ್ರಶ್ನೆ

ಹಿಮದ ಪದರಗಳನ್ನು ಓದಲು ವರ್ಷಗಳ ಅನುಭವ ಬೇಕು. ಇಳಿಜಾರಿನ ಕೋನ ಓದಲು ಒಂದು ಭಾನುವಾರ ಸಾಕು. ಹಲಗೆಯಂತೆ ಕುಸಿಯುವ ಹಿಮ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಕುಸಿಯುತ್ತದೆ. ಅದರಲ್ಲೂ 38ರ ಆಸುಪಾಸು ಅತಿ ಅಪಾಯದ್ದು. 30ಕ್ಕಿಂತ ಕಡಿಮೆಯಾದರೆ ಜಾರಲು ಬೇಕಾದ ಸೆಳೆತ ಸಾಲುವುದಿಲ್ಲ. 50ಕ್ಕಿಂತ ಹೆಚ್ಚಾದರೆ ಹಿಮ ನಿಲ್ಲುವುದೇ ಕಡಿಮೆ, ಬಿದ್ದಷ್ಟೂ ಆಗಾಗ ಉದುರಿಹೋಗುತ್ತದೆ. ನಡುವಿನ ಆ ಹದಿನೈದು ಡಿಗ್ರಿಯಲ್ಲಿ ಹಿಮ ಶೇಖರವೂ ಆಗುತ್ತದೆ, ಜಾರಲೂ ಕಾದಿರುತ್ತದೆ.

ಈಗ ನಮ್ಮೂರಿಗೆ ಬನ್ನಿ. ಸಾವನದುರ್ಗದ ಕರಿಗುಡ್ಡದ ದಾರಿಯಲ್ಲಿ, ಬೂಟಿನ ಅಡಿಯ ಹಿಡಿತವನ್ನೇ ನಂಬಿ ಮೊಣಕಾಲು ಬಗ್ಗಿಸಿ ಏರುವ ಬೋಳು ಬಂಡೆಯ ಭಾಗ ನೆನಪಿಗೆ ತಂದುಕೊಳ್ಳಿ. ಕೈ ಊರಬೇಕಿಲ್ಲ, ಆದರೆ ಮೀನಖಂಡ ಸೆಟೆಯುತ್ತದೆ. ತಿರುಗಿ ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಒಣ ಬಂಡೆಯ ಮೇಲೆ ಒಳ್ಳೆಯ ಬೂಟು ಹಾಕಿ ನಾವು ಧೈರ್ಯವಾಗಿ ನಡೆಯುವ ಆ ಕಡಿದಾದ ಭಾಗಗಳಿಗೂ ಹಿಮ ಕುಸಿಯುವ ಇಳಿಜಾರಿಗೂ ಕೋನದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ರಾಮನಗರದ ಬಂಡೆಯೇರಿ ಪಳಗಿದವರಿಗೆ ಇಂಥ ಇಳಿಜಾರು ಲೆಕ್ಕಕ್ಕೇ ಇಲ್ಲ, ಅವರ ಕಣ್ಣಿಗೆ ಅದು ಸುಲಭದ ದಾರಿ. ಬಂಡೆಯಲ್ಲಿ ಒಳ್ಳೆಯ ಅಭ್ಯಾಸವಿದ್ದವರೇ ಹಿಮದಲ್ಲಿ ಹೆಚ್ಚು ಎಚ್ಚರವಿರಬೇಕು ಎಂದು ನಾನು ಹೇಳುವುದು ಇದಕ್ಕೇ. ಅವರ ಕಾಲು ಹೆದರುವುದೇ ಇಲ್ಲ.

ಕಣ್ಣಂದಾಜು ನಂಬಬೇಡಿ. ಬೆಟ್ಟದ ಎದುರು ನಿಂತವರು 30 ಡಿಗ್ರಿಯನ್ನು 50 ಎನ್ನುವುದು ಸಾಮಾನ್ಯ. ಅಳೆಯುವುದೊಂದೇ ದಾರಿ.

1. ಫೋನಿನಲ್ಲಿ ಕೋನ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಐಫೋನಿನ ಮೆಷರ್ ಆ್ಯಪ್‌ನಲ್ಲಿ ಲೆವೆಲ್ ಇದೆ. ಆ್ಯಂಡ್ರಾಯ್ಡ್‌ಗೆ ಕ್ಲಿನೋಮೀಟರ್ ಹೆಸರಿನ ಆ್ಯಪ್‌ಗಳು ಸಿಗುತ್ತವೆ. ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ.

2. ಮೊದಲು ಮಹಡಿ ಮೆಟ್ಟಿಲ ಮೇಲೆ, ಮೆಟ್ಟಿಲಿನ ಅಂಚುಗಳನ್ನು ಮುಟ್ಟುವಂತೆ ಒಂದು ಉದ್ದ ಕೋಲು ಇಟ್ಟು, ಕೋಲಿನ ಮೇಲೆ ಫೋನಿನ ಉದ್ದದ ಅಂಚನ್ನು ಕೂರಿಸಿ. ಮನೆಗಳ ಮೆಟ್ಟಿಲು ಸಾಮಾನ್ಯವಾಗಿ 30ರಿಂದ 35 ಡಿಗ್ರಿ ತೋರಿಸುತ್ತದೆ. ಹಿಮಕುಸಿತದ ಕೋನವನ್ನು ನೀವು ದಿನಾ ಹತ್ತಿ ಇಳಿಯುತ್ತಿದ್ದೀರಿ.

3. ಬಳಿಕ ಸಾವನದುರ್ಗಕ್ಕೋ ಕಬ್ಬಾಳದುರ್ಗಕ್ಕೋ ಹೋಗಿ. ನಿಂತ ಜಾಗದಿಂದ ಎದುರಿನ ಬಂಡೆಯ ಇಳಿಜಾರು ಎಷ್ಟೆಂದು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಅಲ್ಲಿಗೆ ಹೋಗಿ ಕೋಲು ಮಲಗಿಸಿ ಅಳೆಯಿರಿ. ಗೆಳೆಯರಿಬ್ಬರು ಪೈಪೋಟಿಯಲ್ಲಿ ಮಾಡಿದರೆ ಬೇಗ ಬರುತ್ತದೆ. ಅಂದಾಜಿಗೂ ಅಳತೆಗೂ ಐದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಾರದಂತಾಗುವವರೆಗೆ ಮಾಡಿ.

4. ಫೋನ್ ಚಳಿಗೆ ಸತ್ತುಹೋದಾಗ ಬಳಸಲು ಕೋಲಿನ ಉಪಾಯ ಕಲಿಯಿರಿ. ಒಂದೇ ಉದ್ದದ ಎರಡು ಟ್ರೆಕಿಂಗ್ ಕೋಲು ಬೇಕು. ಒಂದನ್ನು ಇಳಿಜಾರಿನ ಮೇಲೆ ನೆಟ್ಟಗೆ ನಿಲ್ಲಿಸಿ. ಇನ್ನೊಂದನ್ನು ಅದರ ನಟ್ಟನಡುವಿನಿಂದ ಅಡ್ಡಲಾಗಿ, ಇಳಿಜಾರಿಗಲ್ಲ ದಿಗಂತಕ್ಕೆ ಸಮಾನಾಂತರವಾಗಿ, ಬೆಟ್ಟದ ಮೇಲ್ಬದಿಗೆ ಚಾಚಿ. ಅಡ್ಡ ಕೋಲಿನ ತುದಿ ಇಳಿಜಾರಿಗೆ ಸರಿಯಾಗಿ ತಾಗಿದರೆ ಅದು ಸುಮಾರು 27 ಡಿಗ್ರಿ. ತಾಗಿಸಲು ಅಡ್ಡ ಕೋಲನ್ನು ನಡುವಿಗಿಂತ ಮೇಲಕ್ಕೆ ಸರಿಸಬೇಕಾಗಿ ಬಂದರೆ ನೀವು ಅಪಾಯದ ಅಂಚಿಗೆ ಬಂದಿದ್ದೀರಿ. ನಿಂತ ಕೋಲಿನ ತುತ್ತತುದಿಯಿಂದ ಚಾಚಿದಾಗ ತಾಗಿದರೆ 45.

5. ಹೋಗುವ ದಾರಿಯನ್ನು ಗೂಗಲ್ ಅರ್ತ್‌ನಲ್ಲಿ ಮೊದಲೇ ನೋಡಿ. 170 ಮೀಟರ್ ಅಡ್ಡ ದೂರದಲ್ಲಿ 100 ಮೀಟರ್ ಏರಿದರೆ 30 ಡಿಗ್ರಿ, 100ಕ್ಕೆ 100 ಏರಿದರೆ 45. ಇದು ಸರಾಸರಿ ಲೆಕ್ಕ ಅಷ್ಟೆ. ಒಳಗೆ ಅಡಗಿರುವ ಕಡಿದಾದ ತುಣುಕುಗಳು ಇದರಲ್ಲಿ ಕಾಣುವುದಿಲ್ಲ.

ಅಭ್ಯಾಸಕ್ಕೆ ಹೋಗುವಾಗಲೂ ಎಚ್ಚರ ಬೇಕು. ಮಳೆ ಬಿದ್ದ ದಿನ, ಮಾರನೆಯ ದಿನ ಬಂಡೆಗೆ ಹೋಗಬೇಡಿ. ನೀರು ಹರಿದು ಕಪ್ಪು ಪಟ್ಟೆ ಬಿದ್ದ ಕಡೆ ಪಾಚಿ ಕಟ್ಟಿರುತ್ತದೆ. ಬಂಡೆಯ ಕೆಳಮುಖ ಚಾಚುಗಳಲ್ಲಿ ಹೆಜ್ಜೇನು ಇರುತ್ತದೆ, ಅದರ ಹತ್ತಿರ ಗಲಾಟೆ ಮಾಡಬೇಡಿ. ರಾಮದೇವರ ಬೆಟ್ಟ ರಣಹದ್ದುಗಳ ರಕ್ಷಿತ ಧಾಮ, ಅಲ್ಲಿ ಅರಣ್ಯ ಇಲಾಖೆಯ ನಿಯಮ ಮೀರಿ ಬಂಡೆಗಳ ಮೇಲೆ ಅಲೆಯುವಂತಿಲ್ಲ. ಸಾವನದುರ್ಗಕ್ಕೂ ಹೊರಡುವ ಮೊದಲು ಇಲಾಖೆಯ ಪ್ರವೇಶ ನಿಯಮ ನೋಡಿಕೊಳ್ಳಿ.

ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು

ನಾಥುಲಾ ರಸ್ತೆಯ ಘಟನೆ ಕಲಿಸುವುದು ಇದನ್ನು. ಮೇಲೆ ಕುಸಿದದ್ದು ಕೆಳಗೆ ಹರಿದು ಬರುತ್ತದೆ. ಟೆಂಟ್ ಹಾಕುವಾಗ, ಊಟಕ್ಕೆ ಕೂರುವಾಗ, ಫೋಟೊ ತೆಗೆಯಲು ವಾಹನ ನಿಲ್ಲಿಸಿದಾಗ ಒಮ್ಮೆ ತಲೆ ಎತ್ತಿ ನೋಡಿ. ಮೇಲೆ ಮರಗಳಿಲ್ಲದ ಬಿಳಿ ಇಳಿಜಾರು ಇದೆಯೇ? ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅದರ ಅಂಚಿನ ಗುಂಟ ಆ ಇಳಿಜಾರಿನ ನೆತ್ತಿಗೆ ಗುರಿ ಇಟ್ಟರೆ ಆ್ಯಪ್ ಕೋನ ತೋರಿಸುತ್ತದೆ. 25 ಡಿಗ್ರಿಗಿಂತ ಹೆಚ್ಚಿದ್ದರೆ ಮೇಲಿನ ಹಿಮ ನಿಮ್ಮನ್ನು ತಲುಪುವ ಸಾಧ್ಯತೆ ಇದೆ ಎಂದೇ ತಿಳಿಯಿರಿ. ದೊಡ್ಡ ಕುಸಿತವಾದರೆ 18 ಡಿಗ್ರಿಯವರೆಗೂ ಹರಿದು ಬರಬಹುದು. ಕಾಡಿನ ನಡುವೆ ಮರಗಳೇ ಇಲ್ಲದ ಉದ್ದನೆಯ ಓಣಿ ಇದ್ದರೆ, ಅದರ ಇಕ್ಕೆಲದ ಮರಗಳ ಮೇಲ್ಬದಿಯ ಕೊಂಬೆಗಳು ಮುರಿದಿದ್ದರೆ, ಅದು ಹಿಮ ಹಿಂದೆ ಇಳಿದ ದಾರಿ. ಅಲ್ಲಿ ಬೇಗ ದಾಟಿ, ನಿಲ್ಲಬೇಡಿ.

ಹಿಮದ ಸ್ಥಿತಿ ತಿಳಿಯುವುದು ಹೇಗೆ?

ಕೋನದ ನಂತರ ಕೇಳಬೇಕಾದದ್ದು ಕಳೆದ ಮೂರು ದಿನ ಏನಾಯಿತು ಎಂದು. ಕುಸಿತಗಳು ಹೆಚ್ಚಾಗಿ ಆಗುವುದು ಹಿಮ ಸುರಿಯುವಾಗ ಮತ್ತು ಸುರಿದು ನಿಂತ ಮೊದಲ 24ರಿಂದ 48 ಗಂಟೆಗಳಲ್ಲಿ. ಒಂದೇ ದಿನದಲ್ಲಿ 30 ಸೆಂಟಿಮೀಟರ್, ಎಂದರೆ ಒಂದು ಅಡಿಯಷ್ಟು, ಹೊಸ ಹಿಮ ಬಿದ್ದಿದ್ದರೆ ಕಡಿದಾದ ಇಳಿಜಾರನ್ನು ಅಂದು ಬಿಟ್ಟುಬಿಡಿ. ಗಾಳಿ ಇದ್ದರೆ ಲೆಕ್ಕವೇ ಬೇರೆ. ಗಾಳಿ ಬೆಟ್ಟದ ಒಂದು ಬದಿಯ ಹಿಮವನ್ನು ಕೆರೆದು ಇನ್ನೊಂದು ಬದಿಗೆ ಸುರಿಯುತ್ತದೆ. ಆಕಾಶದಿಂದ ಹನಿ ಹಿಮ ಬೀಳದಿದ್ದರೂ ಗಾಳಿಗೆ ಮರೆಯಾದ ಬದಿಯಲ್ಲಿ ಕೆಲವೇ ಗಂಟೆಗಳಲ್ಲಿ ದಪ್ಪ ಹಲಗೆ ಕೂತಿರುತ್ತದೆ. ಏಣಿನ ಮೇಲೆ ಹಿಮ ಬಾಲ್ಕನಿಯಂತೆ ಚಾಚಿಕೊಂಡಿದ್ದರೆ, ಚಾಚಿದ ದಿಕ್ಕೇ ಹಿಮ ತುಂಬಿದ ಬದಿ. ಆ ಚಾಚಿನ ಮೇಲೆ ಫೋಟೊಗೆ ನಿಲ್ಲುವುದೂ ಬೇಡ, ಕೆಳಗೆ ನಡೆಯುವುದೂ ಬೇಡ.

ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಿಗೆ ಚಳಿಗಾಲದಲ್ಲಿ ಬಿಸಿಲು ತಾಗುವುದು ಕಡಿಮೆ. ಅಲ್ಲಿ ದುರ್ಬಲ ಪದರ ವಾರಗಟ್ಟಲೆ ಹಾಗೆಯೇ ಉಳಿಯುತ್ತದೆ. ಏಪ್ರಿಲ್–ಮೇ ಹೊತ್ತಿಗೆ ಸಮಸ್ಯೆ ಇನ್ನೊಂದು ಬಗೆಯದು: ಬಿಸಿಲಿಗೆ ತಾಗಿದ ಇಳಿಜಾರಿನ ಹಿಮ ಮಧ್ಯಾಹ್ನಕ್ಕೆ ನೀರು ಕುಡಿದು ಭಾರವಾಗಿ ಸಡಿಲಗೊಳ್ಳುತ್ತದೆ. ಸಾರ್ ಪಾಸ್‌ನಂಥ ದಾರಿಗಳಲ್ಲಿ ನಸುಕಿನಲ್ಲೇ ಎಬ್ಬಿಸಿ ಹೊರಡಿಸುವುದು ಇದಕ್ಕಾಗಿ. ನಿದ್ದೆ ಕೆಡಿಸುತ್ತಾರೆಂದು ಗೈಡ್ ಮೇಲೆ ಸಿಡುಕಬೇಡಿ. ಬೂಟು ಪಾದದ ಗಂಟಿನವರೆಗೆ ಹೂತುಹೋಗುವಷ್ಟು ಹಿಮ ಮೆತ್ತಗಾದರೆ ಕಡಿದಾದ ಜಾಗದಿಂದ ಹೊರಬರುವ ಹೊತ್ತು ಮೀರಿದೆ ಎಂದರ್ಥ.

ಹಿಮ ತಾನಾಗಿಯೇ ಹೇಳುವ ಸೂಚನೆಗಳೂ ಇವೆ. ಎದುರಿನ ಬೆಟ್ಟದಲ್ಲಿ ಹೊಸದಾಗಿ ಕುಸಿದ ಗುರುತು ಕಂಡರೆ, ಅದೇ ದಿಕ್ಕಿಗೆ ಮುಖ ಮಾಡಿದ ಅಷ್ಟೇ ಕಡಿದಾದ ನಿಮ್ಮ ಇಳಿಜಾರೂ ಸಿದ್ಧವಾಗಿದೆ. ಹೆಜ್ಜೆ ಇಟ್ಟಾಗ ಕಾಲಡಿಯಿಂದ "ಗುಮ್" ಎಂಬ ಒತ್ತಿದ ಸದ್ದು ಬಂದು, ಸುತ್ತಲಿನ ಹಿಮ ಕೂದಲೆಳೆಯಷ್ಟು ಕೆಳಗಿಳಿದಂತೆ ಅನಿಸಿದರೆ, ಒಳಗಿನ ದುರ್ಬಲ ಪದರ ಮುರಿದಿದೆ. ಬೂಟಿನ ತುದಿಯಿಂದ ಬಿರುಕು ಹೊರಟು ಹಿಮದ ಮೇಲೆ ಓಡಿದರೂ ಅದೇ ಅರ್ಥ. ಸಮತಟ್ಟಿನಲ್ಲಿ ಹೀಗಾದರೆ ಅದೃಷ್ಟ, ಎಚ್ಚರಿಕೆ ಸಿಕ್ಕಿತು. ಈ ಮೂರರಲ್ಲಿ ಒಂದು ಕಂಡರೂ 30 ಡಿಗ್ರಿಗಿಂತ ಕಡಿದಾದ ಇಳಿಜಾರಿಗೆ ಆ ದಿನ ಕಾಲಿಡಬೇಡಿ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಬುಲೆಟಿನ್ ಎಲ್ಲಿ ಸಿಗುತ್ತದೆ?

ಭಾರತದಲ್ಲಿ ಹಿಮಕುಸಿತದ ಮುನ್ಸೂಚನೆ ಕೊಡುವುದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಡಿಯ ಡಿಜಿಆರ್‌ಇ ಎಂಬ ಪ್ರಯೋಗಾಲಯ. ಮನಾಲಿಯಲ್ಲಿ ಹುಟ್ಟಿದ ಹಳೆಯ ಹಿಮಕುಸಿತ ಅಧ್ಯಯನ ಸಂಸ್ಥೆ ಸಾಸೆ 2020ರಲ್ಲಿ ಇದರಲ್ಲಿ ವಿಲೀನವಾಯಿತು. ಈಗಿನ ಕೇಂದ್ರ ಚಂಡೀಗಢ. ಅದರ ಎಚ್ಚರಿಕೆಗಳನ್ನು ಉತ್ತರಾಖಂಡ, ಹಿಮಾಚಲ, ಜಮ್ಮು ಕಾಶ್ಮೀರಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಜಿಲ್ಲಾವಾರು, ಎಷ್ಟು ಎತ್ತರಕ್ಕಿಂತ ಮೇಲೆ ಎಂದು ತಿಳಿಸಿ ಪ್ರಕಟಿಸುತ್ತವೆ. ಹವಾಮಾನ ಇಲಾಖೆಯ ಮೌಸಮ್ ಆ್ಯಪ್, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಎರಡನ್ನೂ ಹಾಕಿಕೊಳ್ಳಿ.

ಬುಲೆಟಿನ್ ಓದುವಾಗ ಒಂದು ಮಾತು ನೆನಪಿರಲಿ. ಅಂತರರಾಷ್ಟ್ರೀಯ ಅಳತೆಗೋಲಿನಲ್ಲಿ 1ರಿಂದ 5ರವರೆಗೆ ಮಟ್ಟಗಳಿವೆ. 4, 5 ಇದ್ದಾಗ ಜನರೇ ಹೋಗುವುದಿಲ್ಲ. ಆಲ್ಪ್ಸ್ ಪರ್ವತಗಳಲ್ಲಿ ಅತಿ ಹೆಚ್ಚು ಸಾವು ಸಂಭವಿಸುವುದು 3ನೇ ಮಟ್ಟದ ದಿನಗಳಲ್ಲಿ, ನಡುವಿನ ಅಂಕಿ ನೋಡಿ ಪರವಾಗಿಲ್ಲ ಎಂದುಕೊಂಡು ಹೊರಟವರದು. ಅನುಭವವಿಲ್ಲದವರಿಗೆ 3 ಎಂದರೆ ಬೇಡ ಎಂದೇ ಓದಿಕೊಳ್ಳಿ. ಬುಲೆಟಿನ್ ಇಡೀ ಪ್ರದೇಶದ್ದು, ನಿಮ್ಮ ಎದುರಿನ ಇಳಿಜಾರಿನದ್ದಲ್ಲ ಎಂಬುದೂ ನೆನಪಿರಲಿ.

ಹಣ ಕಟ್ಟುವ ಮುನ್ನ ಏಜೆನ್ಸಿಗೆ ಕೇಳಿ

1. ನಾವು ಹೋಗುವ ದಾರಿಯಲ್ಲಿ 30 ಡಿಗ್ರಿಗಿಂತ ಕಡಿದಾದ ಹಿಮದ ಇಳಿಜಾರು ಎಲ್ಲೆಲ್ಲಿ ಇದೆ? ಅದಕ್ಕೆ ಬದಲಿ ದಾರಿ ಇದೆಯೇ?
2. ಹಿಂದಿರುಗುವ ನಿರ್ಧಾರ ಯಾರದು? ಅಂಥ ಸಂದರ್ಭದಲ್ಲಿ ಹಣ ವಾಪಸಾಗುತ್ತದೆಯೇ, ಮರುಬುಕಿಂಗ್ ಇದೆಯೇ?
3. ಗೈಡ್ ಯಾವ ಸಂಸ್ಥೆಯಲ್ಲಿ ತರಬೇತಿ ಪಡೆದವರು? ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್, ಪಹಲ್ಗಾಮ್‌ಗಳಲ್ಲಿ ಪರ್ವತಾರೋಹಣ ಸಂಸ್ಥೆಗಳಿವೆ. ಎಷ್ಟು ಜನಕ್ಕೆ ಒಬ್ಬ ಗೈಡ್?
4. ಮೊಬೈಲ್ ಸಿಗದ ಕಡೆ ಸಂಪರ್ಕ ಹೇಗೆ? ಅರಣ್ಯ ಇಲಾಖೆ, ಜಿಲ್ಲಾಡಳಿತದ ಅನುಮತಿ ಪತ್ರದಲ್ಲಿ ನಮ್ಮೆಲ್ಲರ ಹೆಸರು ಇರುತ್ತದೆಯೇ?
5. ಬೀಕನ್, ಪ್ರೋಬ್, ಸಲಿಕೆ ಜೊತೆಗಿರುತ್ತವೆಯೇ?

ಎರಡನೆಯ ಪ್ರಶ್ನೆಗೆ ಕೊಡುವ ಉತ್ತರದಲ್ಲೇ ಏಜೆನ್ಸಿಯ ಗುಣ ಗೊತ್ತಾಗುತ್ತದೆ. ಶಿಖರ ಮುಟ್ಟಿಸಿಯೇ ತೀರುತ್ತೇವೆ ಎಂದು ಭರವಸೆ ಕೊಡುವವರ ಜೊತೆ ಹೋಗಬೇಡಿ.

ಬೀಕನ್ ಎಂದರೆ ಮೈಗೆ ಕಟ್ಟಿಕೊಳ್ಳುವ ಸಣ್ಣ ರೇಡಿಯೊ. 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತಿರುತ್ತದೆ, ಹೂತವರನ್ನು ಜೊತೆಗಾರರ ಬೀಕನ್ ಹುಡುಕುತ್ತದೆ. ಪ್ರೋಬ್ ಮಡಚುವ ಉದ್ದ ಕಡ್ಡಿ, ಹಿಮಕ್ಕೆ ಚುಚ್ಚಿ ಹೂತವರು ಇರುವ ಆಳ ತಿಳಿಯಲು. ಬೀಕನ್, ಪ್ರೋಬ್, ಸಲಿಕೆ ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡರಿಂದ ಹೆಚ್ಚು ಪ್ರಯೋಜನವಿಲ್ಲ. ನಮ್ಮ ಸಾಮಾನ್ಯ ಟ್ರೆಕ್‌ಗಳಲ್ಲಿ ಇವು ಅಪರೂಪ. ಹಾಗಿದ್ದಾಗ ಕಡಿದಾದ ಇಳಿಜಾರಿನಿಂದ ದೂರವಿರುವುದೊಂದೇ ನಿಮಗಿರುವ ರಕ್ಷಣೆ.

ಇನ್ನೊಂದು ಎಚ್ಚರಿಕೆ. ಅಮೆರಿಕದಿಂದಲೋ ಯುರೋಪಿನಿಂದಲೋ ಬಂದ ನೆಂಟರು ಉಪಗ್ರಹ ಫೋನ್, ಉಪಗ್ರಹ ಮೆಸೆಂಜರ್ ಕೊಟ್ಟರೆ ತೆಗೆದುಕೊಂಡು ಹೋಗಬೇಡಿ. ಭಾರತದಲ್ಲಿ ಅನುಮತಿ ಇಲ್ಲದೆ ಅವನ್ನು ಬಳಸುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತೀರಿ.

ಇಳಿಜಾರು ದಾಟಲೇಬೇಕಾದಾಗ

1. ಒಬ್ಬೊಬ್ಬರಾಗಿ ದಾಟಿ. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಿ. ಸಾಲಾಗಿ ಕೈಹಿಡಿದು ಹೋಗುವುದರಿಂದ ಭಾರವೂ ಹೆಚ್ಚು, ಹೂತರೆ ಹುಡುಕುವವರೂ ಇರುವುದಿಲ್ಲ.
2. ಟ್ರೆಕಿಂಗ್ ಕೋಲಿನ ಪಟ್ಟಿಯಿಂದ ಕೈ ಹೊರತೆಗೆಯಿರಿ. ಬ್ಯಾಗಿನ ಸೊಂಟದ ಪಟ್ಟಿ ಸಡಿಲಿಸಬೇಕೇ ಬೇಡವೇ ಎಂಬುದನ್ನು ಗೈಡ್ ಹೇಳಿದಂತೆ ಮಾಡಿ.
3. ಜಾಕೆಟ್ ಜಿಪ್ ಏರಿಸಿ, ಟೋಪಿ, ಕೈಗವಸು ಹಾಕಿಕೊಳ್ಳಿ.
4. ಇಳಿಜಾರಿನ ಕೆಳಗೆ ಬಂಡೆ, ಪ್ರಪಾತ, ಹಳ್ಳ ಇದೆಯೇ ನೋಡಿ. ಹಳ್ಳದ ಬಾಯಿಗೆ ಬಂದು ನಿಲ್ಲುವ ಹಿಮ ಅಲ್ಪವಾದರೂ ಆಳವಾಗಿ ಹೂಳುತ್ತದೆ.
5. ನಡುವೆ ನಿಂತು ಫೋಟೊ ಬೇಡ.

ಕುಸಿದೇಬಿಟ್ಟರೆ

ಸಿಕ್ಕಿಕೊಂಡವರು ಒಮ್ಮೆ ಜೋರಾಗಿ ಕೂಗಿ, ಆಮೇಲೆ ಬಾಯಿ ಮುಚ್ಚಿ. ಕೈಕಾಲು ಬಡಿದು ಪಕ್ಕದ ಅಂಚಿನತ್ತ ಹೋಗಲು ಯತ್ನಿಸಿ. ಹಿಮದ ವೇಗ ತಗ್ಗಿದಂತೆ ಅನಿಸಿದ ಕೂಡಲೇ ಕೈಯನ್ನು ಮುಖದ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಿ. ನಿಂತ ಮೇಲೆ ಹಿಮ ಕಾಂಕ್ರೀಟಿನಂತೆ ಬಿಗಿಯುತ್ತದೆ, ಆಗ ಬೆರಳೂ ಅಲ್ಲಾಡುವುದಿಲ್ಲ.

ಜೊತೆಗಾರರ ಕೆಲಸ ಇದಕ್ಕಿಂತ ದೊಡ್ಡದು. ಹೂತವರನ್ನು ಮೊದಲ 10ರಿಂದ 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷ ದಾಟಿದರೆ ಮೂರರಲ್ಲಿ ಒಬ್ಬರಷ್ಟೇ. ಹೊರಗಿನ ನೆರವು ಅಷ್ಟು ಬೇಗ ಬರುವುದಿಲ್ಲ. ಆದ್ದರಿಂದ ನೆರವು ಕರೆಯಲು ಎಲ್ಲರೂ ಕೆಳಗೆ ಓಡಬೇಡಿ. ಮತ್ತೆ ಕುಸಿಯುವಂತಿಲ್ಲ ಎಂದು ಖಚಿತಪಡಿಸಿಕೊಂಡು, ಕೊನೆಯ ಬಾರಿ ಕಂಡ ಜಾಗ ಗುರುತಿಸಿ, ಅದರಿಂದ ಕೆಳಕ್ಕೆ ಕೈಗವಸು, ಬ್ಯಾಗು, ಕೋಲು ಹೀಗೆ ಮೇಲೆ ಕಾಣುವ ವಸ್ತು ಹುಡುಕಿ. ಬೀಕನ್ ಇದ್ದರೆ ತಕ್ಷಣ ಹುಡುಕುವ ಸ್ಥಿತಿಗೆ ತನ್ನಿ. ಒಬ್ಬರು ಮಾತ್ರ 112ಕ್ಕೆ ಕರೆ ಮಾಡಲಿ. ಅಗೆಯುವಾಗ ಮೊದಲು ಮುಖ, ಎದೆ ಬಿಡಿಸಿ. ಉಸಿರಾಟ ಇಲ್ಲದಿದ್ದರೆ ಬಾಯಿಂದ ಉಸಿರು ಕೊಡುವುದೂ ಸೇರಿದಂತೆ ಸಿಪಿಆರ್ ಆರಂಭಿಸಿ. ಹೂತವರಲ್ಲಿ ಬಹುಪಾಲು ಸಾಯುವುದು ಉಸಿರುಗಟ್ಟಿ.

ಸಾಮಾನ್ಯವಾಗಿ ಮಾಡುವ ತಪ್ಪುಗಳು

*ಬಿಸಿಲು ಬಂತು, ಇನ್ನು ಭಯವಿಲ್ಲ ಎನ್ನುವುದು.* ಎರಡು ದಿನ ಹಿಮ ಸುರಿದು ಮೂರನೆಯ ದಿನ ನೀಲಿ ಆಕಾಶ ಕಂಡರೆ ಎಲ್ಲರೂ ಹುರುಪಿನಿಂದ ಹೊರಡುತ್ತಾರೆ. ಇಡೀ ವಾರದಲ್ಲಿ ಕೆಟ್ಟ ದಿನ ಅದೇ.

*ಮುಂದೆ ಹೋದವರ ಹೆಜ್ಜೆ ಗುರುತಿದೆ ಎನ್ನುವುದು.* ಹತ್ತು ಜನ ದಾಟಿದ ಇಳಿಜಾರು ಹನ್ನೊಂದನೆಯವರಿಗೆ ಕುಸಿಯಬಹುದು. ದುರ್ಬಲ ಪದರ ಎಲ್ಲೆಡೆ ಒಂದೇ ಆಳದಲ್ಲಿರುವುದಿಲ್ಲ. ಹಿಮ ತೆಳುವಾದ ಜಾಗದಲ್ಲಿ ಕಾಲಿಟ್ಟವರೇ ಅದನ್ನು ಮುಟ್ಟುವುದು.

*ರಜೆ ಮುಗಿಯುತ್ತದೆ, ಟಿಕೆಟ್ ಬುಕ್ ಆಗಿದೆ ಎನ್ನುವುದು.* ಒಂದೆರಡು ದಿನ ಹೆಚ್ಚುವರಿ ಇಟ್ಟುಕೊಂಡೇ ಹೊರಡಿ. ಬೆಂಗಳೂರಿಗೆ ಹಿಂದಿರುಗುವ ವಿಮಾನ ಶಿಖರದ ಮಾರನೆಯ ದಿನ ಇದ್ದರೆ ನಿರ್ಧಾರ ಮಾಡುವುದು ಟಿಕೆಟ್ಟೇ.

*ಕೂಗಿದರೆ ಹಿಮ ಕುಸಿಯುತ್ತದೆ ಎಂದು ಹೆದರಿ ಪಿಸುಗುಡುವುದು.* ಅದು ಸಿನಿಮಾದ ಮಾತು. ಕುಸಿಯುವಂತೆ ಮಾಡುವುದು ಭಾರ, ಧ್ವನಿಯಲ್ಲ. ಅಪಾಯ ಕಂಡರೆ ಗಟ್ಟಿಯಾಗಿ ಕೂಗಿ ಹೇಳಿ.

ಕುಸಿಯದ ಹಿಮವೂ ಕೊಲ್ಲುತ್ತದೆ

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋದ ತಂಡದ ಒಂಬತ್ತು ಮಂದಿ ತೀರಿಕೊಂಡರು. ಅಲ್ಲಿ ಹಿಮಕುಸಿತವಾಗಿರಲಿಲ್ಲ. ಬಿರುಗಾಳಿ ಎದ್ದು, ಹಿಮ ಸುರಿದು, ದಾರಿ ಕಾಣದಾಗಿ, ರಾತ್ರಿ ಬಯಲಲ್ಲೇ ಕಳೆಯಬೇಕಾಯಿತು. ಉಳಿದವರನ್ನು ರಾಜ್ಯ ವಿಪತ್ತು ಸ್ಪಂದನಾ ಪಡೆ (ಎಸ್‌ಡಿಆರ್‌ಎಫ್) ಮತ್ತು ವಾಯುಪಡೆಯ ಹೆಲಿಕಾಪ್ಟರ್‌ಗಳು ತಂದವು. ಅದು ಜೂನ್, ಇಲ್ಲಿ ಮುಂಗಾರು ಶುರುವಾಗುವ ಹೊತ್ತು. ಆ ಎತ್ತರದಲ್ಲಿ ತಿಂಗಳಿಗೆ ಅರ್ಥವಿಲ್ಲ.

ಇದಕ್ಕೆ ಬೇಕಾದದ್ದು ಮೂರು. ಬ್ಯಾಗಿನಲ್ಲಿ ಒಣ ಉಣ್ಣೆ ಬಟ್ಟೆ, ನೀರು ಗಾಳಿ ತಡೆಯುವ ಹೊದಿಕೆ, ಎರಡನೇ ಜೊತೆ ಕೈಗವಸು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸದಾ ನಿಮ್ಮ ಬೆನ್ನಲ್ಲೇ ಇರಲಿ, ಹೇಸರಗತ್ತೆಯ ಮೇಲೆ ಕಳಿಸಿದ ಚೀಲದಲ್ಲಲ್ಲ. ಹತ್ತಿಯ ಬಟ್ಟೆ ಒದ್ದೆಯಾದರೆ ಮೈಯ ಬಿಸಿಯನ್ನೇ ಹೀರುತ್ತದೆ, ಅದನ್ನು ಮನೆಯಲ್ಲೇ ಬಿಡಿ. ಬೆಳಗ್ಗೆಯೇ ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಎಂದು ಇಡೀ ತಂಡ ಒಪ್ಪಿಕೊಂಡು ಹೊರಡಿ. ಯಾರಾದರೂ ತೊದಲತೊಡಗಿದರೆ, ನಡುಕ ನಿಂತು ಮಂಕಾದರೆ, ಅದು ಸುಸ್ತಲ್ಲ, ದೇಹದ ಬಿಸಿ ಇಳಿದಿರುವುದು. ಅಲ್ಲೇ ನಿಲ್ಲಿಸಿ, ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ಬದಲಿಸಿ.

ಹಿಮಾಲಯವನ್ನು ನಿಜವಾಗಿ ಕಲಿಯಬೇಕೆಂಬ ಹಂಬಲವಿದ್ದರೆ ಉತ್ತರಕಾಶಿ ಅಥವಾ ಮನಾಲಿಯ ಬೇಸಿಕ್ ಕೋರ್ಸ್‌ಗೆ ಸೇರಿ. ಸುಮಾರು ನಾಲ್ಕು ವಾರದ ತರಬೇತಿ, ಕಾಯುವವರ ಪಟ್ಟಿ ಉದ್ದ, ಬೇಗ ಅರ್ಜಿ ಹಾಕಿ. ಅದಕ್ಕೆ ಮೊದಲು ಬಂಡೆಯೇರುವುದನ್ನು ಕಲಿಯಲು ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ.

ಪೋಷಕರಲ್ಲಿ ಒಂದು ಮನವಿ. ಮಕ್ಕಳನ್ನು ತಡೆಯಬೇಡಿ, ಪ್ರಶ್ನೆ ಕೇಳಿ. ಮೇಲಿನ ಐದು ಪ್ರಶ್ನೆಗಳನ್ನು ಏಜೆನ್ಸಿಗೆ ನೀವೇ ಫೋನ್ ಮಾಡಿ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ತಂಡದ ಎಲ್ಲರ ಹೆಸರು, ದಾರಿ, ಪ್ರತಿ ರಾತ್ರಿಯ ಕ್ಯಾಂಪ್, ಹಿಂದಿರುಗುವ ದಿನ ಬರೆದ ಒಂದು ಹಾಳೆ ಮನೆಯಲ್ಲಿರಲಿ. ಹೇಳಿದ ದಿನಕ್ಕೆ ಕರೆ ಬರದಿದ್ದರೆ ಆ ಜಿಲ್ಲೆಯ ವಿಪತ್ತು ನಿರ್ವಹಣಾ ಕೇಂದ್ರಕ್ಕೆ ತಿಳಿಸಲು ಮೊದಲು ಬೇಕಾಗುವುದು ಆ ಹಾಳೆಯೇ.